ತೆಗೆಯದ ನೀರಿಗೆ ಹಾಕಿದ ರುಜು

ನಮ್ಮ ಕಡೆ ‘ತೂತಾಚಾರಿ ಕೆಲಸ’ ಎಂಬ ಮಾತೊಂದಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ — ಈ ನಾಲ್ಕೂ ತಾಲೂಕಿನ ವೆಲ್ಡಿಂಗ್ ಅಂಗಡಿಗಳಲ್ಲಿ, ನಲ್ಲಿ ರಿಪೇರಿಯವರ ಬಾಯಲ್ಲಿ ಅದು ಓಡಾಡುತ್ತದೆ. ಪೈಪ್ ಸೋರಿದರೆ, ಟ್ಯಾಂಕ್ ಹನಿಸಿದರೆ, ಬೆಸುಗೆ ಬಿಟ್ಟರೆ, ‘ಯಾವನೋ ತೂತಾಚಾರಿ ಮಾಡಿರ್ಬೇಕು’ ಎನ್ನುತ್ತಾರೆ. ಆ ಮಾತನ್ನು ಹುಟ್ಟಿಸಿದವಳು ನಾನು. ಅದು ಸುಳ್ಳೆಂದು ಗೊತ್ತಿದ್ದೂ ಹುಟ್ಟಿಸಿದೆ. ಆಮೇಲೆ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಮುಚ್ಚಬೇಕಾಗಿದ್ದ ದಿನ ಮಾತ್ರ ಮುಚ್ಚಲಿಲ್ಲ.

ನನ್ನ ಹೆಸರು ರತ್ನಮ್ಮ, ಊರು ಸುಗಟೂರು. ಶ್ರೀನಿವಾಸಪುರದ ಆಚೆ, ಮಾವಿನ ಹಣ್ಣಿನ ತಿರುಳು ತೆಗೆದು ಡಬ್ಬಕ್ಕೆ ತುಂಬುವ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಲ್ಯಾಬ್ ನೋಡಿಕೊಂಡೆ. ತಿರುಳಿನ ಹುಳಿ ಎಷ್ಟು, ಸಿಹಿ ಎಷ್ಟು, ನೀರು ಶುದ್ಧವೋ ಅಲ್ಲವೋ — ಇದು ನನ್ನ ಕೆಲಸ. ಇದರ ಜೊತೆಗೆ ಯಾರೂ ಕೊಡದೆ ನಾನೇ ವಹಿಸಿಕೊಂಡ ಇನ್ನೊಂದು ಕೆಲಸವಿತ್ತು: ಎಲ್ಲರಿಗೂ ಅಡ್ಡಹೆಸರು ಇಡುವುದು. ಯಾವ ಕಾಗದ ಕೊಟ್ಟರೂ ಓದದೆ ಮೊಹರು ಒತ್ತುತ್ತಿದ್ದ ಮ್ಯಾನೇಜರಿಗೆ ‘ಠಸ್ಸೆ’ ಎಂದು ಇಟ್ಟವಳು ನಾನು. ಖಾಲಿ ಬಸ್ಸಿನಲ್ಲೂ ‘ಒಳಗ್ ನಡೀರಿ, ಒಳಗ್ ನಡೀರಿ’ ಎಂದು ಕೂಗುತ್ತಿದ್ದ ಕಂಡಕ್ಟರ್ ‘ಒಳಗಪ್ಪ’ ಆದರು. ರತ್ನಕ್ಕ ಇಟ್ಟ ಹೆಸರು ಅಂಟಿದರೆ ಬಿಡುವುದಿಲ್ಲ ಎಂದು ಹಣ್ಣು ಹೆಚ್ಚುವ ಹೆಂಗಸರು ನಗುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆ ಬೇರೆ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ — ಇಂಥವಳನ್ನು ಎದುರು ಹಾಕಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಹಾಗಾಗಿ ನಾನು ತಪ್ಪು ಮಾಡಿದಾಗಲೂ ನನ್ನನ್ನು ಯಾರೂ ಕೇಳಲಿಲ್ಲ.

ಕೇಳಿದವರು ಒಬ್ಬರೇ. ಅವರು ನಂಜುಂಡಾಚಾರಿ, ಟೇಕಲ್‌ನವರು, ಬೆಸುಗೆ ಕೆಲಸದವರು.

ಕಬ್ಬಿಣದ ಗೇಟು ಬೆಸೆಯುವವರು ನಮ್ಮ ಕಡೆ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ತಿನ್ನುವ ಪದಾರ್ಥ ಹರಿಯುವ ಸ್ಟೀಲ್ ಪೈಪ್ ಬೆಸೆಯುವುದು ಬೇರೆ ವಿಷಯ — ಒಳಗೂ ಹೊರಗಿನಷ್ಟೇ ನುಣುಪಾಗಿರಬೇಕು. ನಂಜುಂಡಣ್ಣ ಪೈಪಿನ ಎರಡೂ ತುದಿ ಮುಚ್ಚಿ, ಒಳಗೆ ಆರ್ಗಾನ್ ಅನಿಲ ತುಂಬಿ, ಉಸಿರು ಬಿಗಿಹಿಡಿದು ಬೆಸೆಯುತ್ತಿದ್ದರು. ಬಿಗಿಯಾಗಿ ಹೆಣೆದ ಜಡೆಯ ಹಾಗೆ ಕಾಣುತ್ತಿತ್ತು ಅವರ ಬೆಸುಗೆ. ಅದು ಆರುವ ತನಕ ಕಾದಿದ್ದು, ಹೆಬ್ಬೆರಳಿನಿಂದ ಸುತ್ತಲೂ ಒಮ್ಮೆ ಸವರುತ್ತಿದ್ದರು. ‘ಏನ್ ನಂಜುಂಡಣ್ಣ, ಮುದ್ದು ಮಾಡ್ತಿದೀರಾ?’ ಎಂದು ರೇಗಿಸಿದರೆ, ‘ಹೆಣ್ಣು ಒಪ್ಸಿಕೊಡೋ ಹೊತ್ತಲ್ವಾ ಅಮ್ಮಣ್ಣಿ, ಒಂದ್ಸಲ ತಲೆ ಸವರಿ ಕಳಿಸ್ಬೇಕು’ ಎನ್ನುತ್ತಿದ್ದರು. ಅವರಿಗೊಬ್ಬರಿಗೆ ನಾನು ಅಡ್ಡಹೆಸರು ಇಟ್ಟಿರಲಿಲ್ಲ. ಹುಡುಕಿದ್ದೆ, ಸಿಕ್ಕಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಕಾರ್ಖಾನೆಗೆ ಹೊಸ ಪೈಪ್ ಲೈನ್ ಹಾಕಿಸಿದರು — ನೀರಿನ ಟ್ಯಾಂಕಿನಿಂದ ತಿರುಳು ಕಾಯಿಸುವ ಯಂತ್ರದವರೆಗೆ, ಅಲ್ಲಿಂದ ಡಬ್ಬ ತೊಳೆಯುವ ಜಾಗದವರೆಗೆ. ಶಿವರಾತ್ರಿಯ ಹೊತ್ತಿಗೆ ನಂಜುಂಡಣ್ಣನ ಕೆಲಸ ಮುಗಿಯಿತು. ಹೊಸ ಪೈಪಿಗೆ ಒತ್ತಡದಲ್ಲಿ ನೀರು ತುಂಬಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುವುದು ಪದ್ಧತಿ. ನಮ್ಮ ಬೋರ್‌ವೆಲ್ ಆಗಲೇ ಕೈಕೊಟ್ಟಿತ್ತು. ಎರಡು ಟ್ಯಾಂಕರ್ ನೀರು ತರಿಸಿ ತುಂಬಿದರು. ಬೆಳಗಿನಿಂದ ಸಂಜೆಯ ತನಕ ಒತ್ತಡ ಹಿಡಿದಿಟ್ಟರು. ಒಂದು ಹನಿ ಸೋರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರು, ‘ಇವತ್ತೇ ನೀರು ಪೂರಾ ತೆಗ್ಸಿ, ಗಾಳಿ ಊದಿ ಒಣಗ್ಸಿ, ರುಜು ಹಾಕಿ’ ಎಂದು ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು ಹೊರಟರು. ನೀರಿನ ಉಸ್ತುವಾರಿ ನನ್ನದಾದ್ದರಿಂದ ಆ ರುಜುವೂ ನನ್ನದೇ. ನಂಜುಂಡಣ್ಣನೂ ಸಾಮಾನು ಕಟ್ಟಿಕೊಳ್ಳುತ್ತಾ ಹೇಳಿದರು: ‘ನೀರು ಬಿಟ್ಬಿಡಮ್ಮ. ಸ್ಟೀಲಾದ್ರೂ ಸರಿ, ನಿಂತ ನೀರು ಒಳ್ಳೇದಲ್ಲ.’

ನಾನು ಬಿಡಲಿಲ್ಲ.

ಸುಗಟೂರಿನ ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಹಸುವಿಗೆ, ಸೊಪ್ಪು ತೊಳೆದ ನೀರು ಕರಿಬೇವಿನ ಗಿಡಕ್ಕೆ. ಬಿಂದಿಗೆಯ ತಳದಲ್ಲಿ ಉಳಿದದ್ದನ್ನು ಚೆಲ್ಲಿದರೂ ಅಮ್ಮ ಬೆನ್ನಿಗೊಂದು ಬಿಡುತ್ತಿದ್ದರು. ಹಾಗೆ ಬೆಳೆದ ನಾನು ಎರಡು ಟ್ಯಾಂಕರ್ ನೀರನ್ನು ಮೋರಿಗೆ ಬಿಡುವುದೇ? ಬೆಂಗಳೂರಿನವರಿಗೆ ಏನು ಗೊತ್ತು ನಮ್ಮ ಪಾಡು ಎಂದುಕೊಂಡೆ. ಸೀಸನ್ ಶುರುವಾಗುವಾಗ ನೆಲ ತೊಳೆಯಲಿಕ್ಕಾದರೂ ಆಗುತ್ತದೆ, ಅಲ್ಲಿಯ ತನಕ ಪೈಪಿನಲ್ಲೇ ಇರಲಿ. ಸ್ಟೀಲಿಗೇನು ತುಕ್ಕು ಹಿಡಿಯುತ್ತದೆಯೇ? ಮನೆಯಲ್ಲಿ ಸ್ಟೀಲ್ ಬಿಂದಿಗೆಯಲ್ಲಿ ನೀರು ಇಡುವುದಿಲ್ಲವೇ? ಎರಡೂ ಕಡೆ ವಾಲ್ವ್ ತಿರುಗಿಸಿ ಮುಚ್ಚಿದೆ. ರಿಜಿಸ್ಟರಿನಲ್ಲಿ ‘ನೀರು ಪೂರ್ತಿ ತೆಗೆದು ಒಣಗಿಸಲಾಗಿದೆ’ ಎಂದು ಬರೆದು, ಕೆಳಗೆ ರುಜು ಹಾಕಿದೆ. ನನ್ನ ಅಕ್ಷರ ದುಂಡಗೆ. ಆ ಸಾಲು ಈಗಲೂ ಕಣ್ಣ ಮುಂದಿದೆ.

ನೀರು ಉಳಿಸಿದ್ದಕ್ಕೆ ನಾನು ಇಲ್ಲಿ ಅಳುತ್ತಿಲ್ಲ. ಅದು ತಿಳಿವಳಿಕೆ ಇಲ್ಲದೆ ಮಾಡಿದ್ದು. ಉಳಿಸಿದೆ ಎಂದೇ ಬರೆಯಬಹುದಿತ್ತಲ್ಲ — ಬೈಸಿಕೊಂಡು, ಮಾರನೆಯ ದಿನ ಬಕೆಟ್ಟು ಡ್ರಮ್ಮುಗಳಿಗೆ ತುಂಬಿಸಿ, ಪೈಪ್ ಒಣಗಿಸಬಹುದಿತ್ತು. ಉಳಿಸಿ, ಚೆಲ್ಲಿದೆ ಎಂದು ಬರೆದೆ. ತಪ್ಪು ಶುರುವಾದದ್ದು ಅಲ್ಲಿ.

ಆ ವರ್ಷ ಮಾವಿನ ಹೂವು ತಡ, ಹಣ್ಣೂ ತಡ. ಇನ್ನೊಂದು ವಾರ, ಇನ್ನೊಂದು ವಾರ ಎಂದು ಹನ್ನೊಂದು ವಾರ ಆ ನೀರು ಬಿಸಿಲಿಗೆ ಕಾದ ಶೀಟಿನ ಕೆಳಗೆ, ಮುಚ್ಚಿದ ಪೈಪಿನೊಳಗೆ ನಿಂತಿತು. ಕೊನೆಗೆ ಒಂದು ಬೆಳಿಗ್ಗೆ ವಾಲ್ವ್ ತೆಗೆದರೆ — ಥೂ! ಕೊಳೆತ ಮೊಟ್ಟೆಯ ವಾಸನೆ. ಮೊದಲು ಬಂದ ನೀರು ಕಪ್ಪಗಿತ್ತು, ಬೆರಳಿಗೆ ಲೋಳೆ ಅಂಟಿತು. ಲ್ಯಾಬಿನವಳಿಗೆ ಆ ವಾಸನೆ ಏನು ಹೇಳುತ್ತದೆ ಎಂದು ಗೊತ್ತಿರಬೇಕು. ಗೊತ್ತಿತ್ತು — ಪೂರ್ತಿ ಅಲ್ಲ, ಅರ್ಧ. ನೀರಿನಲ್ಲಿ ಏನೋ ಬೆಳೆದಿದೆ ಎಂದು ಗೊತ್ತಾಯಿತು. ಅದು ಪೈಪನ್ನು ಏನು ಮಾಡಿದೆ ಎಂದು ಗೊತ್ತಾಗಲಿಲ್ಲ. ವಾಸನೆ ಹೋಗುವ ತನಕ ಬಿಸಿನೀರು, ಸೋಡಾ ಹಾಕಿ ತೊಳೆಸಿದೆ. ನೆಲ ತೊಳೆಯಲು ಉಳಿಸಿದ್ದ ನೀರು ನೆಲ ತೊಳೆಯಲೂ ಆಗಲಿಲ್ಲ. ಅಷ್ಟೂ ಮೋರಿಗೇ ಹೋಯಿತು. ಯಾರಿಗೂ ಹೇಳಲಿಲ್ಲ.

ಸೀಸನ್ ಶುರುವಾಗಿ ಹದಿನೈದು ದಿನವಾಗಿರಬೇಕು. ಒಂದು ಬೆಸುಗೆಯ ಪಕ್ಕದಿಂದ ಕೂದಲೆಳೆಯಷ್ಟು ಸಣ್ಣಗೆ ನೀರು ಚಿಮ್ಮಿತು. ಎರಡು ದಿನಕ್ಕೆ ಇನ್ನೊಂದು ಕಡೆ. ವಾರದೊಳಗೆ ಒಂಬತ್ತು ಕಡೆ. ಲೈನ್ ನಿಲ್ಲಿಸಿದರು. ಗೇಟಿನ ಹೊರಗೆ ಮಾವಿನ ಲಾರಿಗಳು ಸಾಲುಗಟ್ಟಿದವು, ಅಂಗಳದಲ್ಲಿ ಹಣ್ಣು ಕೊಳೆಯತೊಡಗಿತು. ಠಸ್ಸೆ ಸಾಹೇಬರು ಪೈಪಿನ ಕೆಳಗೆ ನಿಂತು, ಮುಖದ ಮೇಲೆ ಬಿದ್ದ ನೀರು ಒರೆಸಿಕೊಳ್ಳುತ್ತಾ, ‘ಏನ್ರೀ ಇದು? ನಾಲ್ಕು ತಿಂಗಳು ಆಗಿಲ್ಲ ಹಾಕಿ’ ಎಂದು ಕೂಗಿದರು. ಅವರು ನನ್ನನ್ನು ಕೇಳಿದ್ದಲ್ಲ. ಗಾಳಿಗೆ ಕೇಳಿದ್ದು. ಇದು ಆ ನಾತದ ನೀರಿನದೇ ಕೆಲಸ ಎಂದು ಒಳಗೊಳಗೇ ಅನಿಸಿದ್ದರೂ, ಉತ್ತರ ಕೊಟ್ಟವಳು ನಾನು.

‘ವೆಲ್ಡಿಂಗ್ ಸಾರ್. ನೋಡಿ, ತೂತೆಲ್ಲ ವೆಲ್ಡಿಂಗ್ ಪಕ್ಕದಲ್ಲೇ ಇದಾವೆ.’

ಕಣ್ಣಿಗೆ ಕಾಣುವ ಮಟ್ಟಿಗೆ ಅದು ನಿಜ. ಒಂದೂ ತೂತು ಬೇರೆ ಕಡೆ ಇರಲಿಲ್ಲ. ಹೀಗೆ ನಿಜವನ್ನೇ ತೋರಿಸಿ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ನನಗೆ ಅವತ್ತು ಗೊತ್ತಾಯಿತು.

ಮಾರನೆಯ ದಿನ ನಂಜುಂಡಣ್ಣನನ್ನು ಕರೆಸಿದರು. ಬಂದವರು ಯಾರೊಡನೆಯೂ ಮಾತಾಡದೆ ನೆಲದ ಮೇಲೆ ಅಂಗಾತ ಮಲಗಿ ಪೈಪಿನ ಅಡಿಭಾಗ ನೋಡಿದರು. ಪ್ರತಿ ಬೆಸುಗೆಯ ಮೇಲೂ ಹೆಬ್ಬೆರಳಾಡಿಸಿದರು. ಎದ್ದು ಬಂದಾಗ ಮುಖ ಬಿಳಚಿಕೊಂಡಿತ್ತು.

‘ಇದು ನನ್ ಕೈಯಿಂದ ಆಗಿದ್ದಲ್ಲ ಅಮ್ಮಣ್ಣಿ. ಪರೀಕ್ಷೇಲಿ ಒಂದು ಹನಿ ಬಂದಿರ್ಲಿಲ್ಲ, ನೀನೂ ನೋಡ್ದಲ್ಲ. ಅಲ್ಲಾ — ನೀರು ಅವತ್ತೇ ತೆಗ್ಸಿದ್ದೆ ತಾನೆ?’

ಇಡೀ ಕಾರ್ಖಾನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಆ ಕ್ಷಣ ನಾನು ‘ಇಲ್ಲ’ ಎಂದಿದ್ದರೆ — ಆ ಎರಡಕ್ಷರ ಹೊರಗೆ ಬಂದಿದ್ದರೆ —

‘ಅವತ್ತೇ ತೆಗ್ಸಿದೆ ನಂಜುಂಡಣ್ಣ’ ಎಂದೆ. ‘ರಿಜಿಸ್ಟರ್ ತೋರಿಸ್ಲಾ?’

‘ಛೆ ಛೆ, ನೀನು ಹೇಳಿದ್ಮೇಲೆ ರಿಜಿಸ್ಟರ್ ಯಾಕಮ್ಮ?’ ಎಂದರು. ಆಮೇಲೆ ತಮ್ಮ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡರು. ‘ಹಂಗಾದ್ರೆ ನಂದೇ ಕೈ ಕೆಟ್ಟಿರ್ಬೇಕು’ ಎಂದರು. ನನಗಲ್ಲ, ಕೈಗೇ ಹೇಳಿಕೊಂಡಂತಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೂ ಸಾಕಿತ್ತು. ಸಂಜೆ ನಾಲ್ಕಕ್ಕೆ ಟೀ ಕುಡಿಯಲು ಕೂತಿದ್ದೆವು. ಕೆಲಸ ನಿಂತು ಹೋಗಿ ಹೆಂಗಸರೆಲ್ಲ ಬೇಜಾರಿನಲ್ಲಿದ್ದರು. ಯಾರೋ ಒಬ್ಬಳು, ‘ವಾಲ್ವ್ ತೆಗೆದಾಗ ಅದೇನಕ್ಕ ಅಷ್ಟು ವಾಸ್ನೆ ಬಂದಿದ್ದು?’ ಎಂದಳು. ಮಾತು ತಿರುಗಿಸಬೇಕಿತ್ತು. ತಿರುಗಿಸಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ.

‘ವಾಸ್ನೆ ಬಿಡ್ರೇ, ತೂತು ಎಣಿಸ್ರೇ! ಅವ್ರು ನಂಜುಂಡಾಚಾರಿ ಅಲ್ಲ ಕಣ್ರೇ, ತೂತಾಚಾರಿ!’

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಡಿಯ ಕಡೆಯಿಂದ ಬರುತ್ತಿದ್ದ ತೆಲುಗಿನ ಹೆಂಗಸೊಬ್ಬಳು ‘ಅಯ್ಯೋ, ಬೊಕ್ಕಲಾಚಾರಿ!’ ಎಂದು ತನ್ನ ಭಾಷೆಗೂ ತಂದುಕೊಂಡಳು. ಇನ್ನೊಂದು ಸುತ್ತು ನಗು. ವಾಸನೆಯ ಮಾತು ಅಲ್ಲಿಗೆ ಸತ್ತಿತು. ತಿರುಗಿ ನೋಡಿದರೆ ನಂಜುಂಡಣ್ಣ ಬಾಗಿಲ ಹತ್ತಿರ ಟೀ ಲೋಟ ಹಿಡಿದು ನಿಂತಿದ್ದರು. ಕುಡಿದು ಮುಗಿದಿರಲಿಲ್ಲ. ಲೋಟವನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಒಳಗೆ ಹೋದರು. ಮೂರು ದಿನ ಅಲ್ಲೇ ಇದ್ದು ಎಲ್ಲಾ ತೂತನ್ನೂ ಮುಚ್ಚಿಕೊಟ್ಟರು. ಅವರು ಮುಚ್ಚಿದಂತೆಲ್ಲ ಪಕ್ಕದಲ್ಲಿ ಹೊಸದು ಬರುತ್ತಿತ್ತು. ಪ್ರತಿ ಹೊಸ ತೂತಿಗೂ ಅವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದರು. ನಾನು ಲ್ಯಾಬಿನ ಗಾಜಿನ ಕಿಟಕಿಯಿಂದ ನೋಡುತ್ತಿದ್ದೆ.

ಸೀಸನ್ ಮುಗಿದ ಮೇಲೆ ಆ ಲೈನ್ ಕಿತ್ತು ಬೇರೆ ಹಾಕಿಸಿದರು. ಕತ್ತರಿಸಿದ ಎರಡು ತುಂಡನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದರು. ವರದಿ ಬಂದದ್ದು ನನ್ನ ಮೇಜಿಗೆ. ತುಂಡುಗಳನ್ನೂ ವಾಪಸ್ ಕಳಿಸಿದ್ದರು, ಉದ್ದಕ್ಕೆ ಸೀಳಿ. ಹೊರಗಡೆ ಸೂಜಿ ಮೊನೆಯಷ್ಟು ತೂತು. ಒಳಗೆ ನೋಡಿದರೆ ರಾಗಿ ಕಾಳಿನಷ್ಟು ಕಂದು ಗುಡ್ಡೆ, ಅದರ ಅಡಿಯಲ್ಲಿ ಲೋಹವೇ ಇಲ್ಲ — ಹುಳು ತಿಂದ ಹಲಸಂದೆ ಕಾಳಿನ ಹಾಗೆ ಟೊಳ್ಳು.

ವರದಿಯಲ್ಲಿದ್ದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಯಾವುದೇ ಸಿಹಿನೀರಿನಲ್ಲಿ, ಕೆರೆಯದಾಗಲಿ ಬೋರಿನದಾಗಲಿ, ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಹರಿಯುವ ನೀರಿನಲ್ಲಿ ಅವಕ್ಕೆ ನೆಲೆ ಊರಲು ಕಷ್ಟ. ನಿಂತರೆ ಅವು ಲೋಹಕ್ಕೆ ಅಂಟಿಕೊಂಡು ಲೋಳೆಯ ಹೊದಿಕೆ ಕಟ್ಟುತ್ತವೆ. ಬೆಸುಗೆಯ ಅಂಚು ಕಾದು ಬಣ್ಣ ತಿರುಗಿದ ಜಾಗ. ಎಷ್ಟೇ ಒಳ್ಳೆಯ ಕೈಯಾದರೂ ಅಲ್ಲಿ ಸ್ಟೀಲಿನ ರಕ್ಷಣೆ ಸ್ವಲ್ಪ ತೆಳು. ಆದ್ದರಿಂದ ಅವು ಅಲ್ಲೇ ಸೇರುತ್ತವೆ. ಹೊದಿಕೆಯ ಅಡಿಗೆ ಗಾಳಿ ಹೋಗುವುದಿಲ್ಲ. ಗಾಳಿ ಬೇಡದ ಇನ್ನೊಂದು ಜಾತಿಯವು ಅಲ್ಲಿ ಬೆಳೆದು, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತವೆ. ಸ್ಟೀಲು ತುಕ್ಕು ಹಿಡಿಯದಿರುವುದೇ ಮೈಮೇಲಿನ ತೆಳುವಾದ ಪದರದಿಂದ. ಆ ಹೊದಿಕೆಯ ಅಡಿಯಲ್ಲಿ ಪದರ ಹರಿದರೆ ಮತ್ತೆ ಕೂಡಿಕೊಳ್ಳುವುದಿಲ್ಲ, ಲೋಹ ಒಳಗೊಳಗೇ ಕರಗುತ್ತದೆ. ಬೆಸುಗೆಯಲ್ಲಿ ದೋಷವಿಲ್ಲ, ಪರೀಕ್ಷೆಯ ನೀರನ್ನು ಪೈಪಿನಲ್ಲಿ ಬಹಳ ದಿನ ನಿಲ್ಲಿಸಿರಬೇಕು ಎಂದು ಕೊನೆಯಲ್ಲಿತ್ತು. ಇಷ್ಟು ಸ್ಪಷ್ಟವಾಗಿ ನನ್ನ ಕಡೆಗೆ ಯಾರೂ ಯಾವತ್ತೂ ಬೆರಳು ತೋರಿಸಿರಲಿಲ್ಲ.

‘ರಿಪೋರ್ಟ್ ಬಂತೇನ್ರೀ?’ ಎಂದರು ಮ್ಯಾನೇಜರು. ‘ಬಂತು ಸಾರ್, ಅದೇ, ವಿಶೇಷ ಏನಿಲ್ಲ’ ಎಂದೆ. ಹೊಸ ಲೈನ್ ಬಂದಾಗಿತ್ತು, ಅವರಿಗೂ ಆಸಕ್ತಿ ಹೋಗಿತ್ತು. ಠಸ್ಸೆ ಒತ್ತಿ ಕೊಟ್ಟರು, ನಾನು ಫೈಲಿಗೆ ಹಾಕಿದೆ. ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಕೆಲಸ ಹೋಗುತ್ತಿತ್ತು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ — ಇದೆಲ್ಲ ಹೇಳಬಹುದು. ನಂಜುಂಡಣ್ಣನ ಮನೆಯಲ್ಲೂ ದುಡಿಯುವವರು ಒಬ್ಬರೇ ಇದ್ದರು. ಆದ್ದರಿಂದ ಆ ಕಾರಣವನ್ನು ಇಲ್ಲಿಗೇ ಬಿಡುತ್ತೇನೆ.

ಅವರನ್ನು ಮತ್ತೆ ಯಾವ ಕಾರ್ಖಾನೆಗೂ ಕರೆಯಲಿಲ್ಲ ಎಂದು ಕಿವಿಗೆ ಬಿತ್ತು. ಆಮೇಲೆ ಬೆಸುಗೆ ಯಂತ್ರವನ್ನೇ ಮಾರಿದರು ಎಂದರು. ಟೇಕಲ್‌ನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ ಎಂದು ಯಾರೋ ನಗುತ್ತಾ ಹೇಳಿದರು — ತೂತಾಚಾರಿಗೆ ಈಗ ತೂತು ಮುಚ್ಚುವುದೇ ಕೆಲಸ ಎಂದು. ನಾನೂ ನಕ್ಕೆ. ಅದನ್ನೂ ಬರೆದುಬಿಡುತ್ತೇನೆ: ನಾನೂ ನಕ್ಕೆ.

ಹೋದ ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಈಚೆಗೆ ಹಿತ್ತಿಲಿನ ಕಬ್ಬಿಣದ ಪೈಪ್ ಸೋರತೊಡಗಿತು. ಬಹಳ ದಿನ ಬಳಸದೆ ಬಿಟ್ಟಿದ್ದ ಪೈಪ್. ನಮ್ಮೂರಿನ ನಲ್ಲಿ ರಿಪೇರಿ ಮಾಡುವ ಷಫಿ ಬಂದು ಅದನ್ನು ಕತ್ತರಿಸಿ, ತುಂಡನ್ನು ನನ್ನ ಕೈಗೆ ಕೊಟ್ಟ. ‘ನೋಡಕ್ಕ, ತೂತಾಚಾರಿ ಕೆಲ್ಸ’ ಎಂದ.

ಒಳಗೆ ಅದೇ ಕಂದು ಗುಡ್ಡೆ. ಅದೇ ಟೊಳ್ಳು.

‘ಯಾರಪ್ಪ ಅವ್ನು ತೂತಾಚಾರಿ?’ ಎಂದೆ.

‘ಯಾರೂ ಇಲ್ಲಕ್ಕ. ಸುಮ್ನೆ ಹಂಗಂತಾರೆ. ಮುಳಬಾಗಿಲಲ್ಲೂ ಅಂತಾರೆ, ಮಾಲೂರಲ್ಲೂ ಅಂತಾರೆ. ಕೆಲ್ಸ ಕೆಡಿಸೋನಿಗೆ ಹಂಗನ್ನೋದು.’

ಯಾರೂ ಇಲ್ಲ. ಮನುಷ್ಯನೇ ಅಳಿಸಿಹೋಗಿ ಬೈಗುಳ ಮಾತ್ರ ಉಳಿದಿತ್ತು. ಅವತ್ತು ಷಫಿಗೆ ನಾನು ಏನೂ ಹೇಳಲಿಲ್ಲ, ಟೀ ಮಾಡಿಕೊಟ್ಟು ಕಳಿಸಿದೆ. ಮೂರನೆಯ ದಿನ ಟೇಕಲ್ ಬಸ್ಸು ಹತ್ತಿದೆ.

ನಂಜುಂಡಣ್ಣ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ತಲೆ ಪೂರ್ತಿ ನೆರೆತಿತ್ತು. ನನ್ನನ್ನು ನೋಡಿದ ಕೂಡಲೇ, ‘ಓ! ಲ್ಯಾಬ್ ಅಮ್ಮಣ್ಣಿ! ಬಾರಮ್ಮ ಬಾ. ಲೇ, ಯಾರು ಬಂದವ್ರೆ ನೋಡು’ ಎಂದು ಒಳಗೆ ಕೂಗಿದರು. ಅವರ ಹೆಂಡತಿ ಲಕ್ಷ್ಮೀದೇವಮ್ಮ ಮಜ್ಜಿಗೆ ತಂದರು. ಆ ಲೋಟ ಮುಟ್ಟದೆ ನಾನು ಎಲ್ಲವನ್ನೂ ಹೇಳಿದೆ — ಟ್ಯಾಂಕರ್ ನೀರು, ವಾಲ್ವ್, ರುಜು, ವಾಸನೆ, ವರದಿ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ; ತೊಟ್ಟಿಯ ನೀರನ್ನೇ ನೋಡುತ್ತಿದ್ದೆ. ಟ್ಯೂಬಿನಿಂದ ಗುಳ್ಳೆ ಬರುತ್ತಲೇ ಇತ್ತು. ಅವರು ಅದನ್ನು ಎತ್ತಲಿಲ್ಲ.

ಮೊದಲು ಮಾತಾಡಿದ್ದು ಲಕ್ಷ್ಮೀದೇವಮ್ಮ. ‘ನಮ್ ಹುಡ್ಗೀನ ನೋಡಕ್ಕೆ ಬಂದೋರು ತೂತಾಚಾರಿ ಮನೆ ಯಾವ್ದು ಅಂತ ಕೇಳ್ಕೊಂಡು ಬಂದ್ರು ಕಣಮ್ಮ. ಬಾಗ್ಲಲ್ಲಿ ನಿಂತ್ಕೊಂಡು. ಹುಡ್ಗಿ ಒಳಗಿಂದ ಕೇಳಿಸ್ಕೊಂಡ್ಲು. ನಿನ್ ಬಾಯಿಗೆ ಏನಾಗಿತ್ತಮ್ಮ ಅವತ್ತು?’ ಎಂದರು. ಲೋಟ ಎತ್ತಿಕೊಂಡು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ನಂಜುಂಡಣ್ಣ ಟ್ಯೂಬನ್ನು ನೀರಿನಿಂದ ಎತ್ತಿ ಪಕ್ಕಕ್ಕಿಟ್ಟು ಕೇಳಿದರು: ‘ಹಂಗಾದ್ರೆ ನನ್ ಕೈಯಲ್ಲಿ ಏನೂ ಐಬಿರ್ಲಿಲ್ಲ?’

‘ಇರ್ಲಿಲ್ಲ ನಂಜುಂಡಣ್ಣ.’

‘ಕಣ್ಣು ಹೋಯ್ತು ಅಂದ್ಕೊಂಡೆ ಅಮ್ಮಣ್ಣಿ. ಕೋಲಾರದಲ್ಲಿ ಎರಡು ಕಡೆ ತೋರಿಸ್ದೆ. ಕಣ್ಣು ಚೆನ್ನಾಗೈತೆ ಅಂದ್ರು. ಕೈ ನಡುಗ್ತೈತಾ ಅಂತ ನೋಡಿದ್ರು, ಇಲ್ಲ ಅಂದ್ರು. ಡಾಕ್ಟ್ರ ಮಾತು ನಾನು ನಂಬ್ಲಿಲ್ಲ. ನೀನು ನೀರು ತೆಗ್ಸಿದೀನಿ ಅಂದಿದ್ದಲ್ಲ, ಅದನ್ನ ನಂಬಿದ್ದೆ.’

ನಾನು ಅತ್ತೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಒದ್ದೆ ಕೈ ಎತ್ತಿ ತಡೆದರು. ಆ ಮನುಷ್ಯ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

‘ಅದೆಲ್ಲ ಬ್ಯಾಡ. ಹೆಸ್ರು ಇಟ್ಟೋಳು ನೀನು. ನೀನೇ ತೆಗಿ.’

‘ಹೆಂಗೆ ತೆಗೀಲಿ ನಂಜುಂಡಣ್ಣ? ಅದ್ಯಾವಾಗ್ಲೋ ಊರೆಲ್ಲ —’

‘ಅದು ನಿನ್ ಕೆಲ್ಸ’ ಎಂದು ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದರು.

ಅವತ್ತಿನಿಂದ ತಿರುಗುತ್ತಿದ್ದೇನೆ. ನಾಲ್ಕೂ ತಾಲೂಕಿನಲ್ಲಿ ವೆಲ್ಡಿಂಗ್ ಅಂಗಡಿ, ಪೈಪಿನ ಅಂಗಡಿ ಕಂಡಲ್ಲಿ ಹೋಗಿ ಹೇಳುತ್ತೇನೆ — ತೂತಾಚಾರಿ ಎಂದು ಯಾರನ್ನು ಅನ್ನುತ್ತೀರೋ ಅವರ ಹೆಸರು ನಂಜುಂಡಾಚಾರಿ, ಅವರ ಬೆಸುಗೆಯಲ್ಲಿ ತಪ್ಪಿರಲಿಲ್ಲ, ನೀರು ತೆಗೆಯದೆ ತೆಗೆದೆ ಎಂದು ರುಜು ಹಾಕಿದವಳು ನಾನು ಎಂದು. ಕೆಲವರು ಕೂರಿಸಿ ಕೇಳುತ್ತಾರೆ. ಕೆಲವರು ಈಯಮ್ಮನಿಗೆ ತಲೆ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಹಳೆಯ ಕಾರ್ಖಾನೆಗೂ ಹೋಗಿ ಬರೆದುಕೊಟ್ಟೆ. ಆ ಮ್ಯಾನೇಜರು ಈಗ ಅಲ್ಲಿಲ್ಲ, ಆ ರಿಜಿಸ್ಟರೂ ಇಲ್ಲ. ಕಾಗದ ತೆಗೆದುಕೊಂಡರು. ಒಂದು ಮಾತನ್ನು ಹೊರಗೆ ಬಿಡಲು ನನಗೆ ಒಂದು ಕ್ಷಣ ಸಾಕಾಗಿತ್ತು. ಇದು ನಾನು ಬದುಕಿರುವ ತನಕ ಮುಗಿಯುವ ಕೆಲಸವಲ್ಲ.

ಮೊನ್ನೆ ಷಫಿ ಹೊಸ ಪೈಪ್ ಜೋಡಿಸಲು ಬಂದಿದ್ದ. ಅವನಿಗೂ ಹೇಳಿದೆ. ಕೈಯಲ್ಲಿದ್ದ ಪೈಪ್ ತಿರುಗಿಸುವ ಪಾನಾ ಕೆಳಗಿಟ್ಟು ಪೂರ್ತಿ ಕೇಳಿದ. ‘ಅಲ್ಲಾ! ಅಂಥಾ ಮನುಷ್ಯ ನಿಜವಾಗ್ಲೂ ಇದಾರಾ ಅಕ್ಕ?’ ಎಂದ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ‘ಇನ್ಮೇಲೆ ಅನ್ನಲ್ಲ ಬಿಡಿ. ಆದ್ರೆ ಬಾಯಿಗೆ ಏನಾದ್ರೂ ಬೇಕಲ್ಲಕ್ಕ, ಕೆಲ್ಸ ಕೆಟ್ಟಾಗ ಅನ್ನಕ್ಕೆ.’

ಹೆಸರಿಡುವುದು ನನಗೆ ಗೊತ್ತಲ್ಲ. ಇದನ್ನು ಟೇಕಲ್‌ನಿಂದ ಬರುವ ದಾರಿಯಲ್ಲೇ ಹೊಂದಿಸಿಕೊಂಡಿದ್ದೆ.

‘ರತ್ನಕ್ಕನ ರುಜು ಅನ್ನು’ ಎಂದೆ. ‘ಮಾಡ್ದೇ ಇರೋ ಕೆಲ್ಸಾನ ಯಾರಾದ್ರೂ ಮಾಡಿದೀನಿ ಅಂದ್ರೆ, ಇದು ರತ್ನಕ್ಕನ ರುಜು ಕಣೋ ಅನ್ನು. ನಾಲಿಗೆ ಮೇಲೆ ಚೆನ್ನಾಗಿ ಓಡುತ್ತೆ.’

ಷಫಿ ನಾಲಿಗೆ ಕಚ್ಚಿಕೊಂಡ. ‘ಅಯ್ಯೋ, ಏನಕ್ಕ ನೀವು! ದೊಡ್ಡೋರು. ನಿಮ್ ಹೆಸ್ರನ್ನ ಹಂಗೆಲ್ಲ ಬೀದೀಲಿ ಅನ್ನಕ್ಕಾಗುತ್ತಾ?’

ನಂಜುಂಡಣ್ಣ ನನಗಿಂತ ದೊಡ್ಡವರು. ಹನ್ನೆರಡು ವರ್ಷ ಅವರ ಹೆಸರನ್ನು ಬೀದಿಯಲ್ಲಿ ಅನ್ನಲಿಕ್ಕಾಯಿತು.

‘ಆಗುತ್ತೆ ಕಣೋ’ ಎಂದೆ. ‘ಅನ್ನು. ನನ್ನೆದುರಿಗೇ ಒಂದ್ಸಲ ಅನ್ನು.’

ಅವನು ಪೈಪಿನ ಕಡೆಗೆ ಮುಖ ತಿರುಗಿಸಿಕೊಂಡು, ಮೆಲ್ಲಗೆ ಅಂದ.

‘ಕೇಳಿಸ್ಲಿಲ್ಲ ಷಫಿ. ಜೋರಾಗಿ ಅನ್ನು’ ಎಂದೆ.